ಬೆರಳಿನ ಕ್ಲಿಪ್ ನಂಬಿಕೊಂಡು ಕೂರಬೇಡಿ

ಮಾನ್ಯ ಸಂಪಾದಕರೇ,

ಶ್ವಾಸಕೋಶದೊಳಗೆ ಸ್ಕೋಪ್ (ಕ್ಯಾಮೆರಾ ಇರುವ ಸಣ್ಣ ಕೊಳವೆ) ಇಳಿಸಿ ನೋಡುವ ಪರೀಕ್ಷೆ ವೇಳೆ ಆಕ್ಸಿಜನ್ ಕುಸಿದ ರೋಗಿಯ ಸುದ್ದಿ ನಿನ್ನೆ ನಿಮ್ಮಲ್ಲಿ ಬಂದಿದೆಯಲ್ಲ, ಆ ರೋಗಿ ನನ್ನ ಅಣ್ಣ. "ಇಂಥ ಪರೀಕ್ಷೆಯಲ್ಲಿ ಸ್ವಲ್ಪ ಇಳಿಯುವುದು ಮಾಮೂಲಿ" ಅಂತ ಆರೋಗ್ಯ ಅಧಿಕಾರಿಗಳು ಹೇಳಿದ್ದಾರೆ. ಓದಿ ಮೈಯೆಲ್ಲ ಉರಿಯಿತು. ಸ್ವಲ್ಪ ಇಳಿಯುವುದು ನನಗೂ ಗೊತ್ತು. ಆಪರೇಷನ್ ಥಿಯೇಟರ್‌ನಲ್ಲಿ 26 ವರ್ಷ ನರ್ಸ್ ಆಗಿದ್ದವಳು ನಾನು. ರಕ್ತದ ಆಕ್ಸಿಜನ್ ಶೇ. 71ಕ್ಕೆ ಇಳಿದು ತುಟಿ ನೀಲಿಯಾಗುವುದು ಮಾಮೂಲಿ ಅಲ್ಲ.

ಬೆಳಿಗ್ಗೆ 7ಕ್ಕೆ ಬನ್ನಿ ಅಂದರು, ಒಳಗೆ ಕರೆದದ್ದು ಮಧ್ಯಾಹ್ನ ಒಂದೂವರೆಗೆ. ಹಿಂದಿನ ರಾತ್ರಿಯಿಂದ ಹೊಟ್ಟೆಗಿಲ್ಲದ ಮನುಷ್ಯ, ಲಿಫ್ಟ್ ಬೇರೆ ಕೆಟ್ಟಿತ್ತು, ಕೆಮ್ಮುತ್ತಾ ಮೂರು ಮಹಡಿ ಹತ್ತಿದ. ಅದೇ ಫಾರಂ ನನ್ನಿಂದ ಎರಡು ಸಲ ತುಂಬಿಸಿದರು. ಕೂರಲು ಒಂದು ಕುರ್ಚಿ ಇರಲಿಲ್ಲ.

ಬಾಗಿಲ ಗಾಜಿನಿಂದ ನೋಡುತ್ತಾ ನಿಂತಿದ್ದೆ. ಮಂಪರಿನ ಮಿಡಾಜೋಲಮ್, ನೋವಿನ ಫೆಂಟನಿಲ್ ಎರಡೂ ಕೊಟ್ಟಿದ್ದಾರೆ, ಎರಡೂ ಸೇರಿದರೆ ಉಸಿರು ಮಂದವಾಗುತ್ತದೆ. ಮಂಪರು ಕೊಟ್ಟವರೂ ಆ ಡಾಕ್ಟರೇ, ಸ್ಕೋಪ್ ಹಿಡಿದವರೂ ಅವರೇ. ಅವರ ಕಣ್ಣು ಪರದೆಯ ಮೇಲೆ, ಅಣ್ಣನ ಎದೆ ಏರುತ್ತಿದೆಯೋ ಇಲ್ಲವೋ ನೋಡುವವರು ಯಾರೂ ಇಲ್ಲ. ಈ ಪರೀಕ್ಷೆಯಲ್ಲಿ ಡಾಕ್ಟರ್ ನೋಡುವ ದಾರಿ, ರೋಗಿ ಉಸಿರಾಡುವ ದಾರಿ ಎರಡೂ ಒಂದೇ. ಉಸಿರಾಟಕ್ಕೆ ಗಂಟಲಿಗೆ ಹಾಕುವ 8 ಮಿ.ಮೀ. ಟ್ಯೂಬಿನೊಳಗೆ 6 ಮಿ.ಮೀ. ಸ್ಕೋಪ್ ಇಳಿದರೆ ಅರ್ಧಕ್ಕಿಂತ ಜಾಸ್ತಿ ಜಾಗ ಅದಕ್ಕೇ ಹೋಯಿತು. ಟ್ಯೂಬ್ ಹಾಕದಿದ್ದರೂ ಸಕ್ಷನ್ ಒತ್ತಿದಾಗಲೆಲ್ಲ ಕಫದ ಜೊತೆ ಗಾಳಿಯೂ ಹೊರಗೆ ಬರುತ್ತದೆ. ಹಾಗಾಗಿಯೇ ಉಸಿರು ನೋಡಲು ಅಂತಲೇ ಒಬ್ಬರು ಬೇರೆ ಇರಬೇಕು.

ಇದ್ದದ್ದು ರಕ್ತದ ಆಕ್ಸಿಜನ್ ತೋರಿಸುವ ಬೆರಳಿನ ಕ್ಲಿಪ್ ಒಂದೇ. ಮೂಗಿನಲ್ಲಿ ಆಕ್ಸಿಜನ್ ಹರಿಯುತ್ತಿದ್ದರೆ ಉಸಿರು ನಿಂತ ಮೇಲೂ ಆ ಕ್ಲಿಪ್ ಸ್ವಲ್ಪ ಹೊತ್ತು 98 ಅಂತಲೇ ತೋರಿಸುತ್ತದೆ. ಕ್ಯಾಪ್ನೋಗ್ರಾಫ್ ಅನ್ನುವ ಮಿಷನ್ ಹಾಗಲ್ಲ. ಹೊರಬಿಡುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕಾಣದಿದ್ದರೆ ಗೆರೆ ಚಪ್ಪಟೆಯಾಗಿ ಆಗಲೇ ಎಚ್ಚರಿಸುತ್ತದೆ. ಆ ಮಿಷನ್ ಪಕ್ಕದ ಥಿಯೇಟರ್‌ನಲ್ಲಿ ಬಟ್ಟೆ ಹೊದ್ದು ನಿಂತಿತ್ತು! ಕೈಯಲ್ಲಿ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಬೀರುವಿನಲ್ಲಿ, ಬೀರುವಿಗೆ ಬೀಗ, ಕೀ ಇದ್ದ ಸಿಸ್ಟರ್ ಕೆಳಗಿನ ಮಹಡಿಯಲ್ಲಿ. ಕೊನೆಗೆ ಸ್ಕೋಪ್ ಹೊರಗೆಳೆದು, ಗಲ್ಲ ಎತ್ತಿ ಹಿಡಿದು, ಮಾಸ್ಕ್ ಒತ್ತಿದ ಮೇಲೆ ಉಸಿರು ಬಂತು. ಅಷ್ಟು ಹೊತ್ತು ನಾನು ಗಾಜಿಗೆ ಹಣೆ ಒತ್ತಿಕೊಂಡು ನಿಂತಿದ್ದೆ.

ಇದೇ ಅಧಿಕಾರಿಗಳಿಗೆ ಎರಡು ವರ್ಷದ ಹಿಂದೆ ನಾನೇ ಅರ್ಜಿ ಬರೆದು ಕೊಟ್ಟಿದ್ದೆ, ತುರ್ತು ಸಾಮಾನಿಗೆ ಬೀಗ ಹಾಕಬೇಡಿ ಅಂತ. ತಪಾಸಣೆಗೆ ಬಂದವರು ರಿಜಿಸ್ಟರ್‌ಗೆ ಸಹಿ ಹಾಕಿ ಹೋದರು, ಥಿಯೇಟರ್ ಒಳಗೆ ಕಾಲಿಡಲಿಲ್ಲ. ಫೋನ್ ಮಾಡಿದರೆ ಎತ್ತಲ್ಲ, ಪತ್ರಿಕೆಗೆ ಹೇಳಿಕೆ ಕೊಡಲು ಮಾತ್ರ ಸಮಯ ಇದೆ ಅಲ್ವಾ?

ಸ್ಕೋಪ್ ಹಾಕುವ ಕೋಣೆಗೆಲ್ಲ ಕ್ಯಾಪ್ನೋಗ್ರಾಫ್ ಬರಲಿ, ಉಸಿರು ನೋಡಲು ಅರಿವಳಿಕೆ ಕಲಿತವರು ಒಬ್ಬರು ನಿಲ್ಲಲಿ. ಮಾಮೂಲಿ ಅಂದವರು ಆ ಮಾತು ವಾಪಸ್ ತಗೊಳ್ಳಲಿ. ಇಲ್ಲವೇ ಒಂದು ದಿನ ಬಂದು ಆ ಬಾಗಿಲ ಹೊರಗೆ ನಿಲ್ಲಲಿ. ಮೊದಲು ಆ ಬೀಗ ತೆಗೆಸಿ, ಸ್ವಾಮಿ.

— ನಿವೃತ್ತ ನರ್ಸ್