ಹೆಸರು ಕೇಳಲು ಮರೆತ ಫಿಸಿಯೋಥೆರಪಿ ಮೇಡಂಗೆ

ಅಮ್ಮನ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಏಳು ಅಂದರೆ ಸಾಕು, ಅಳುತ್ತಿದ್ದಳು. ಆಗ ನೀವು ಬಂದಿರಿ, ಕೈಯಲ್ಲೊಂದು ಪುಟ್ಟ ಟೆನ್ಸ್ ಯಂತ್ರ, ಚರ್ಮದ ಮೇಲಿಂದ ಸಣ್ಣ ಕರೆಂಟ್ ಹರಿಸಿ ನೋವು ತಗ್ಗಿಸೋದು. ಪೇಸ್‌ಮೇಕರ್ ಇದೆಯಾ ಅಂತ ಮೊದಲು ಕೇಳಿದಿರಿ. ಗಾಯ ಬಿಟ್ಟು ಅಕ್ಕಪಕ್ಕ ಪ್ಯಾಡ್ ಅಂಟಿಸಿದಿರಿ. ಕರೆಂಟ್ ಅಂದ ತಕ್ಷಣ ಅಮ್ಮ ಹೆದರಿದಳು. ನೀವು ನಗಲಿಲ್ಲ, ನನ್ನ ಕೈಗೆ ಹಚ್ಚಿ ತೋರಿಸಿದಿರಿ. ಸುಮ್ನೆ ಜುಮ್ಮೆನ್ನುತ್ತೆ, ಅಷ್ಟೇ. "ಪೆಟ್ಟಾದ ಜಾಗ ಉಜ್ಜಿಕೊಳ್ತೀವಲ್ಲ, ಹಾಗೇ ಇದು. ನೋವಿನ ಸುದ್ದಿ ಮಿದುಳಿಗೆ ಹೋಗೋ ಬಾಗಿಲನ್ನ ಅರ್ಧ ಮುಚ್ಚುತ್ತೆ" ಅಂದಿರಿ. (1965ರಲ್ಲಿ ಮೆಲ್ಜ್ಯಾಕ್, ವಾಲ್ ಅನ್ನೋ ಇಬ್ಬರು ನೋವಿನ ಸಂಶೋಧಕರು ಹೇಳಿದ್ದು ಇದೇ. ಆಮೇಲೆ ಓದಿದೆ.) ಇದರಿಂದ ಮೂಳೆ ಕೂಡಲ್ಲ, ಮಾತ್ರೆ ಬಿಡಬೇಡಿ ಅಂತಲೂ ಹೇಳಿದಿರಿ. ಆ ನೇರ ಮಾತು ಹಿಡಿಸಿತು. ಯಂತ್ರ ಓಡುತ್ತಿರುವಾಗಲೇ ವಾಕರ್ ಕೊಟ್ಟು ನಾಲ್ಕು ಹೆಜ್ಜೆ ಹಾಕಿಸಿದಿರಿ. ಥ್ಯಾಂಕ್ಸ್ ಮೇಡಂ. ಅಮ್ಮ ಈಗ ಕೋಲು ಹಿಡಿದು ಒಬ್ಬಳೇ ಬಚ್ಚಲಿಗೆ ಹೋಗುತ್ತಾಳೆ.