ಸಿಂಹಾಸನದ ಪಕ್ಕ, ಪಿಯಾನೋದ ಮುಂದೆ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಸಹಾಯಾರ್ಥ ಕಛೇರಿಗೆ ಪಿಟೀಲು ನುಡಿಸಲು ಕರೆದಿದ್ದಾರೆ, ಹೋಗಲೋ ಬೇಡವೋ ಎಂದು ಕೇಳಿದ್ದೀಯ. ನಿನ್ನ ಮುಜುಗರ ಅರ್ಥವಾಗುತ್ತದೆ. ಮುಂದಿನ ಸಾಲಿನಲ್ಲಿ ಶಾಲು ಹೊದ್ದ ಗಣ್ಯರು, ವೇದಿಕೆಯ ಹಿಂದೆ ಪ್ರಾಯೋಜಕರ ಬ್ಯಾನರ್, ಮುಗಿಯದ ಭಾಷಣ, ಉಳಿದ ಹೊತ್ತಿನಲ್ಲಿ ಒಂದಿಷ್ಟು ಸಂಗೀತ. ಯಾರ ಹೆಸರಿನಲ್ಲಿ ಹಣ ಕೂಡುತ್ತದೆಯೋ ಅವರು ಮಾತ್ರ ಸಭಾಂಗಣದಲ್ಲಿ ಎಲ್ಲೂ ಕಾಣುವುದಿಲ್ಲ. 'ದಾನ ದೊಡ್ಡವರ ಹವ್ಯಾಸ, ಸಂಗೀತ ಅದಕ್ಕೆ ತೋರಣ' ಎಂದು ಬರೆದಿದ್ದೀಯಲ್ಲ, ಆ ಮಾತಿಗೆ ಉತ್ತರವಾಗಿ ಒಬ್ಬ ರಾಜಕುಮಾರಿಯ ವಿಷಯ ಹೇಳಬೇಕೆನಿಸಿದೆ. ನಗಬೇಡ. ಅರಮನೆ ಸುದ್ದಿಗಳೆಂದರೆ ನಿನಗಾಗದು, ನನಗೂ ಅಷ್ಟಕ್ಕಷ್ಟೇ. ಆದರೆ ಗ್ರೀಸಿನ ಐರೀನ್ ನೀನಿರುವ ಮದರಾಸಿನಲ್ಲೇ ಕೆಲವು ವರ್ಷ ಕಳೆದವರು, ಪಿಯಾನೋ ಕಲಿತು ಕಛೇರಿ ಕೊಟ್ಟವರು. ಆ ಎರಡು ಕಾರಣಕ್ಕಾದರೂ ಸ್ವಲ್ಪ ಸಹಿಸಿಕೋ.

ಮೊದಲು ಹಸುಗಳ ಕತೆ. 1980ರ ದಶಕದಲ್ಲಿ ಯುರೋಪಿನಲ್ಲಿ ಹಾಲು ಬೇಕಾದ್ದಕ್ಕಿಂತ ಹೆಚ್ಚಾಗಿತ್ತು. ಬೆಲೆಗೆ ಸರ್ಕಾರಗಳ ಖಾತರಿಯಿದ್ದುದರಿಂದ ರೈತನಿಗೆ ಕರೆದಷ್ಟೂ ಲಾಭ. ಕೊಳ್ಳುವವರಿಲ್ಲದ ಬೆಣ್ಣೆ ಮಾತ್ರ ಶೀತಲಗೃಹಗಳಲ್ಲಿ ರಾಶಿ ಬಿದ್ದಿತ್ತು. 1984ರಲ್ಲಿ ಯುರೋಪಿಯನ್ ಆರ್ಥಿಕ ಸಮುದಾಯ ಹಾಲಿಗೆ ಮಿತಿ ಹಾಕಿತು. ಮಿತಿ ಮೀರಿದರೆ ದಂಡ. ಹೀಗಾಗಿ ಹಾಲು ಕಡಿಮೆ ಮಾಡಲು ರೈತರು ಹಿಡಿದ ಸುಲಭದ ದಾರಿ ಎಂದರೆ ಕರೆಯುವ ಹಸುವನ್ನೇ ಕಸಾಯಿಖಾನೆಗೆ ಅಟ್ಟುವುದು. ಎಷ್ಟೋ ಮಂದಿ ಇದನ್ನು ಪತ್ರಿಕೆಯಲ್ಲಿ ಓದಿ ಪುಟ ತಿರುಗಿಸಿರಬೇಕು. ಐರೀನ್ ಹಾಗೆ ಮಾಡಲಿಲ್ಲ. ಒಂದು ಕಡೆ ಹಾಲು ಹೆಚ್ಚಾಯಿತೆಂದು ಹಸುವನ್ನು ಕೊಲ್ಲುತ್ತಿದ್ದಾರೆ, ಇನ್ನೊಂದು ಕಡೆ ಮಕ್ಕಳಿಗೆ ಹಾಲಿಲ್ಲ. ಹಾಗಾದರೆ ಹಸುವನ್ನು ಅಲ್ಲಿಗೇ ಕಳುಹಿಸಿದರಾಯಿತು. ಎಳೆಯ ಮಗು ಕೂಡ ಹೇಳಬಹುದಾದ ಪರಿಹಾರ. ಈಕೆ ಅದನ್ನು ಮಾಡಿಯೇ ತೋರಿಸಿದರು. 1986ರಲ್ಲಿ ಮ್ಯಾಡ್ರಿಡ್‌ನಲ್ಲಿ 'ಮುಂದೋ ಎನ್ ಅರ್ಮೋನಿಯಾ' ಎಂಬ ಸಂಸ್ಥೆ ಕಟ್ಟಿದರು. ಸಾಮರಸ್ಯದ ಜಗತ್ತು ಎಂದು ಅರ್ಥ. ಅದರ ಮೊದಮೊದಲ ಕೆಲಸಗಳಲ್ಲಿ ಇದೂ ಒಂದು: ಕಸಾಯಿಖಾನೆಗೆ ಹೊರಟಿದ್ದ ಹಸುಗಳಲ್ಲಿ ಕೆಲವನ್ನು ಉಳಿಸಿ ಭಾರತಕ್ಕೆ ಸಾಗಿಸಿದ್ದು.

ನೀನು ಈಗಲೇ ಹುಬ್ಬೇರಿಸಿರುತ್ತೀಯ. ನಾನೂ ಏರಿಸಿದ್ದೆ. ನಮ್ಮ ದೊಡ್ಡಪ್ಪನ ಕೊಟ್ಟಿಗೆಯಲ್ಲಿದ್ದ ಸೀಮೆ ಹಸು ನಿನಗೆ ನೆನಪಿರಬೇಕು. ಕಪ್ಪು ಬಿಳುಪಿನ ಆ ದೊಡ್ಡ ಪ್ರಾಣಿ ಏಪ್ರಿಲ್ ಬಂತೆಂದರೆ ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತು. ಮನೆಯ ಯಜಮಾನನಿಗೆ ಫ್ಯಾನ್ ಇಲ್ಲದಿದ್ದರೂ ಅದಕ್ಕೆ ಫ್ಯಾನ್ ಬೇಕಿತ್ತು. ನಾಟಿ ಹಸುವಿಗೆ ಲೆಕ್ಕಕ್ಕೇ ಇಲ್ಲದ ಉಣ್ಣಿ ಕಚ್ಚಿದರೆ ಅದಕ್ಕೆ ಜ್ವರ. ಕರೆಯುವಾಗ ಒಂದಿಷ್ಟು ಹಾಲು ಉಳಿದುಹೋದರೆ ಕೆಚ್ಚಲು ಬಾವು, ಡಾಕ್ಟರ ಸೂಜಿ, ಮೂರು ದಿನದ ಹಾಲು ಚರಂಡಿಗೆ. ಹಿಂಡಿ ಬೂಸಾದ ಖರ್ಚು ಕಳೆದು ಉಳಿಯುತ್ತಿದ್ದುದೇನು ಎಂದು ದೊಡ್ಡಪ್ಪ ಕೊನೆಯವರೆಗೂ ಬಾಯಿಬಿಡಲಿಲ್ಲ. ಚಳಿ ನಾಡಿನ ಹಸುವನ್ನು ಬಿಸಿಲಿಗೆ ತಂದು ಬಡವನ ಬಾಗಿಲಲ್ಲಿ ಕಟ್ಟಿದ ಮಾತ್ರಕ್ಕೆ ಬಡತನ ನೀಗುವುದಿಲ್ಲ. ಮೇವು, ನೀರು, ಪಶುವೈದ್ಯ, ದಿನಾ ಎರಡು ಹೊತ್ತು ಹಾಲು ಕೊಳ್ಳುವ ಡೇರಿ, ಇಷ್ಟೂ ಬೆನ್ನಿಗಿರಬೇಕು.

ಅದೇ ಯುರೋಪಿನ ಅದೇ ಹೆಚ್ಚುವರಿ ಹಾಲು ಇನ್ನೊಂದು ರೂಪದಲ್ಲಿ ನಮ್ಮ ದೇಶಕ್ಕೆ ಬಂದದ್ದೂ ಉಂಟು. 1970ರಲ್ಲಿ ಶುರುವಾದ 'ಆಪರೇಷನ್ ಫ್ಲಡ್' ಎಂಬ ಹೈನುಗಾರಿಕೆ ಯೋಜನೆಗೆ ಅಲ್ಲಿಂದ ಹಾಲಿನ ಪುಡಿಯೂ ಬೆಣ್ಣೆಯೆಣ್ಣೆಯೂ (ಬಟರ್ ಆಯಿಲ್) ನೆರವಾಗಿ ಬಂದವು. ಆ ಯೋಜನೆಯ ರೂವಾರಿ ವರ್ಗೀಸ್ ಕುರಿಯನ್ ಅವುಗಳನ್ನು ಪುಕ್ಕಟೆ ಹಂಚಲಿಲ್ಲ. ಮಾರಿ, ಆ ಹಣದಿಂದ ಹಳ್ಳಿಯ ಸಹಕಾರ ಸಂಘಗಳನ್ನೂ ಡೇರಿಗಳನ್ನೂ ಕಟ್ಟಿಸಿದರು. ಬುದ್ಧಿವಂತಿಕೆಯ ದೃಷ್ಟಿಯಿಂದ ನನ್ನ ಮತ ಕುರಿಯನ್ನರಿಗೇ. ಆದರೂ ಐರೀನ್ ಮಾಡಿದ್ದು ನನಗೆ ಹಿಡಿಸುತ್ತದೆ. ಆ ಹಸುವನ್ನು ಆಕೆ ಹಾಲಿನ ಅಂಕಿ ಅಂಶವಾಗಿ ನೋಡಲಿಲ್ಲ, ಹಸುವಾಗಿಯೇ ನೋಡಿದರು. ಯುರೋಪಿನ ರಾಜಮನೆತನದ ಹೆಣ್ಣುಮಗಳಿಗೆ ಈ ದೃಷ್ಟಿ ಎಲ್ಲಿಂದ ಬಂತು ಎಂದು ಕೇಳಿದರೆ ಅರ್ಧ ಉತ್ತರ ಮದರಾಸಿನಲ್ಲಿದೆ. ಅಲ್ಲಿಗೆ ಬರುತ್ತೇನೆ.

ಐರೀನ್ ಹುಟ್ಟಿದ್ದು ಗ್ರೀಸಿನಲ್ಲಲ್ಲ, ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನಲ್ಲಿ, 1942ರ ಮೇ 11ರಂದು. ಹಿಂದಿನ ವರ್ಷ ಹಿಟ್ಲರನ ಸೇನೆ ಗ್ರೀಸನ್ನು ಹಿಡಿದಿತ್ತು, ರಾಜಕುಟುಂಬ ಊರೂರು ಅಲೆಯುತ್ತಿತ್ತು. ಮಗುವಿಗೆ ಜ್ಞಾನಸ್ನಾನದ ಧರ್ಮಪಿತನಾಗಿ ನಿಂತವರು ಆಗಿನ ದಕ್ಷಿಣ ಆಫ್ರಿಕದ ಪ್ರಧಾನಿ ಜನರಲ್ ಸ್ಮಟ್ಸ್. ಹೌದು, ಗಾಂಧಿಯನ್ನು ಜೈಲಿಗೆ ಹಾಕಿಸಿದ, ಗಾಂಧಿ ಜೈಲಿನಲ್ಲೇ ಹೊಲಿದುಕೊಟ್ಟ ಚಪ್ಪಲಿಯನ್ನು ವರ್ಷಗಟ್ಟಲೆ ಮೆಟ್ಟಿ, 1939ರಲ್ಲಿ 'ಇದನ್ನು ತೊಡುವ ಯೋಗ್ಯತೆ ನನಗಿಲ್ಲ' ಎಂಬ ಅರ್ಥದ ಮಾತು ಹೇಳಿ ಹಿಂದಿರುಗಿಸಿದ ಅದೇ ಸ್ಮಟ್ಸ್.

1947ರಲ್ಲಿ ಅಪ್ಪ ಪಾಲ್ ದೊರೆಯಾದರು, ಅಮ್ಮ ಫ್ರೆಡೆರಿಕಾ ರಾಣಿ. ಅಕ್ಕ ಸೋಫಿಯಾ 1962ರಲ್ಲಿ ಸ್ಪೇನಿನ ಹುವಾನ್ ಕಾರ್ಲೋಸರನ್ನು ಮದುವೆಯಾಗಿ ಗ್ರೀಕ್ ಪಟ್ಟದ ಹಕ್ಕು ಬಿಟ್ಟುಕೊಟ್ಟರು. 1964ರ ಮಾರ್ಚಿನಲ್ಲಿ ಅಪ್ಪ ತೀರಿಕೊಂಡು ಅಣ್ಣ ಕಾನ್‌ಸ್ಟಂಟೈನ್ ಪಟ್ಟಕ್ಕೆ ಬಂದಾಗ ಅವರಿಗಿನ್ನೂ ಮಕ್ಕಳಿರಲಿಲ್ಲ. ಹೀಗಾಗಿ ಇಪ್ಪತ್ತೆರಡೂ ತುಂಬಿರದ ತಂಗಿಯೇ ಉತ್ತರಾಧಿಕಾರಿ! 1965ರ ಜುಲೈಯಲ್ಲಿ ಅಣ್ಣನಿಗೆ ಮಗಳು ಹುಟ್ಟುವವರೆಗೆ ಆ ಪಟ್ಟಿ ಆಕೆಯ ಹೆಸರಿಗಂಟಿತ್ತು. 1967ರ ಏಪ್ರಿಲ್‌ನಲ್ಲಿ ಕರ್ನಲ್‌ಗಳು ಕ್ಷಿಪ್ರಕ್ರಾಂತಿ ಮಾಡಿದರು, ಡಿಸೆಂಬರ್‌ನಲ್ಲಿ ದೊರೆ ಅವರ ಮೇಲೆ ತಿರುಗಿಬಿದ್ದು ಸೋತರು. ಹೆಂಡತಿ, ಎರಡು ಹಸುಗೂಸುಗಳು, ತಾಯಿ, ತಂಗಿ, ಎಲ್ಲರನ್ನೂ ವಿಮಾನದಲ್ಲಿ ಕೂರಿಸಿಕೊಂಡು ರೋಮ್ ಸೇರಿದರು. 1974ರ ಡಿಸೆಂಬರ್ ಜನಮತಗಣನೆಯಲ್ಲಿ ಸುಮಾರು ಶೇಕಡ 69ರಷ್ಟು ಜನ ಅರಸೊತ್ತಿಗೆ ಬೇಡವೆಂದರು. ಸರಿಯಾದದ್ದೇ ಮಾಡಿದರು ಎಂದು ನನ್ನ ಎಣಿಕೆ, ನಿನ್ನದೂ ಅದೇ ಇರುತ್ತದೆ.

ಈಗ ಸಂಗೀತ. ಐರೀನ್ ಅವರ ಗುರು ಜೀನಾ ಬಾಖೌವರ್, ಅಥೆನ್ಸಿನವರು, ಆ ಕಾಲದ ಬಹುದೊಡ್ಡ ಪಿಯಾನೋ ವಾದಕಿಯರಲ್ಲಿ ಒಬ್ಬರು. ರಷ್ಯಾದ ಹೆಸರಾಂತ ಸಂಗೀತಗಾರ ರಖ್ಮಾನಿನೋವ್ ಬಳಿಯೂ ಪಾಠ ಹೇಳಿಸಿಕೊಂಡಿದ್ದವರು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಬಾಖೌವರ್ ಈಜಿಪ್ಟಿನಲ್ಲಿ ಸಿಕ್ಕಿಕೊಂಡಿದ್ದರು. ಅಲ್ಲಿ ಮಿತ್ರಪಡೆಯ ಸೈನಿಕರ ಮುಂದೆ ಆರುನೂರಕ್ಕೂ ಹೆಚ್ಚು ಕಛೇರಿ ಮಾಡಿದರು. ಮರಳುಗಾಡಿನ ಶಿಬಿರ, ಶ್ರುತಿ ತಪ್ಪಿದ ಪಿಯಾನೋ, ನಾಳೆ ಬದುಕಿರುತ್ತೇವೋ ಇಲ್ಲವೋ ತಿಳಿಯದ ಹುಡುಗರು. ಅಂಥ ಸಭೆಗೆ ನುಡಿಸಿದ ಕೈಗಳು ಶಿಷ್ಯೆಗೆ ಬೆರಳಿಡುವ ಕ್ರಮವನ್ನಷ್ಟೇ ಕಲಿಸಿದವು ಎಂದು ನಾನಂತೂ ನಂಬಲಾರೆ. ಗುರುಮುಖೇನ ಬರುವುದರಲ್ಲಿ ಬಾಯಲ್ಲಿ ಹೇಳಿದ್ದಕ್ಕಿಂತ ಹೇಳದೆ ಬಂದದ್ದೇ ಹೆಚ್ಚೆಂದು ನೀನೇ ಎಷ್ಟೋ ಸಲ ಹೇಳಿದ್ದೀಯ. ಐರೀನ್ ಕೆಲಕಾಲ ವೃತ್ತಿಯಾಗಿಯೇ ಕಛೇರಿ ಕೊಟ್ಟರು. ಅರಮನೆಯ ಹುಡುಗಿಯರಿಗೆ ಪಿಯಾನೋ ಹೊಸದಲ್ಲ, ಅತಿಥಿಗಳ ಮುಂದೆ ನಾಲ್ಕು ತುಣುಕು ನುಡಿಸುವಷ್ಟು ಎಲ್ಲರೂ ಕಲಿಯುತ್ತಾರೆ. ಟಿಕೆಟ್ ಕೊಂಡು ಬಂದ ಅಪರಿಚಿತರ ಎದುರು, ತಪ್ಪಿದರೆ ತಪ್ಪೆಂದು ಬರೆಯುವ ವಿಮರ್ಶಕರ ಎದುರು ಕೂರುವುದು ಬೇರೆಯೇ ಎದೆಗಾರಿಕೆ. ಕೀಲಿಮಣೆಗೆ ನಿನ್ನ ಅಜ್ಜ ಯಾರೆಂಬುದು ತಿಳಿಯದು.

ಗಡಿಪಾರಾದ ಮೇಲೆ ತಾಯಿ ಮಗಳು ಹಿಡಿದದ್ದು ಭಾರತದ ದಾರಿ. ಫ್ರೆಡೆರಿಕಾಗೆ ಭೌತಶಾಸ್ತ್ರದ ಹುಚ್ಚು; ಅಲ್ಲಿಂದ ಶಂಕರರ ಅದ್ವೈತಕ್ಕೆ ಬಂದರು. ಮದರಾಸು ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಉನ್ನತ ಅಧ್ಯಯನ ಕೇಂದ್ರ ನಡೆಸುತ್ತಿದ್ದ ಟಿ.ಎಂ.ಪಿ. ಮಹಾದೇವನ್ ಅವರ ಬಳಿ ಪಾಠ. ಮಹಾದೇವನ್ ಆರಂಭದ ಸಂಶೋಧನೆ ಮಾಡಿದ್ದು ಯಾರ ಮೇಲೆ ಗೊತ್ತೆ? ನಮ್ಮ ವಿದ್ಯಾರಣ್ಯರ ಅದ್ವೈತದ ಮೇಲೆ. ಶೃಂಗೇರಿಯ ಗುರುಪೀಠದಲ್ಲಿ ಕುಳಿತಿದ್ದವರ ವಿಚಾರ ಮದರಾಸಿನ ಪ್ರಾಧ್ಯಾಪಕರ ಮೂಲಕ ಗ್ರೀಸಿನ ಮಾಜಿ ರಾಣಿಯ ಕಿವಿಗೆ ಬಿದ್ದದ್ದು ನನಗೆ ಬಹಳ ಖುಷಿ ಕೊಡುವ ಸಂಗತಿ. ಕಾವಲುಗಾರರಿಲ್ಲ, ದರ್ಬಾರಿಲ್ಲ, ಒಲೆಯಂಥ ಮೇ ತಿಂಗಳು. ಮಗಳು ಆ ಊರಿನಲ್ಲಿ ಧರ್ಮ ದರ್ಶನಗಳನ್ನು ಓದುತ್ತ ಕೆಲವು ವರ್ಷ ಕಳೆದರು. ಹಸು ಬೀದಿಯಲ್ಲಿ ಹಕ್ಕಿನಿಂದ ನಿಲ್ಲುವುದನ್ನೂ, ಅದರ ಹಾಲಿಗಾಗಿ ಬೆಳಿಗ್ಗೆ ಬೂತಿನ ಮುಂದೆ ಪಾತ್ರೆ ಹಿಡಿದ ಸಾಲನ್ನೂ ಮದರಾಸಿನಲ್ಲಿ ಯಾರೂ ನೋಡದೆ ಇರಲಾರರು.

ಇಲ್ಲೊಂದು ವಿಷಯ ಮರೆಮಾಚಬಾರದು. ಫ್ರೆಡೆರಿಕಾ ಕೂಡ ದಾನಕ್ಕೆ ಹೆಸರಾದವರೇ. 1940ರ ದಶಕದ ಕೊನೆಯ ಗ್ರೀಕ್ ಅಂತರ್ಯುದ್ಧದಲ್ಲಿ ಅವರ ನಿಧಿಯಿಂದ ಹತ್ತಾರು ಮಕ್ಕಳ ಶಿಬಿರಗಳು ನಡೆದವು. ಸಾವಿರಾರು ಮಕ್ಕಳಿಗೆ ಅನ್ನ, ಸೂರು ಸಿಕ್ಕಿದ್ದು ನಿಜ. ಕಮ್ಯುನಿಸ್ಟರ ಮಕ್ಕಳನ್ನು ಹೆತ್ತವರಿಂದ ದೂರ ಮಾಡಿ ಅರಮನೆಯ ಪಾಠ ಹೇಳಿಕೊಟ್ಟರು ಎಂಬ ಆರೋಪವೂ ಇದೆ, ನಿಧಿಯ ಲೆಕ್ಕಪತ್ರದ ಬಗ್ಗೆ ವರ್ಷಗಟ್ಟಲೆ ಪ್ರಶ್ನೆಗಳಿದ್ದವು. ಕಿರೀಟ ತೊಟ್ಟು ಕೊಟ್ಟ ಅನ್ನದ ಜೊತೆ ಕಿರೀಟದ ಋಣವೂ ಬರುತ್ತದೆ. ಮಗಳಿಗೆ ಹೊರಿಸಲು ಅಂಥ ಋಣವೇ ಉಳಿದಿರಲಿಲ್ಲ. ಐರೀನ್ ಸಂಸ್ಥೆ ಕಟ್ಟುವ ಹೊತ್ತಿಗೆ ದೇಶವಿಲ್ಲ, ಪಟ್ಟವಿಲ್ಲ, 1981ರಲ್ಲಿ ತಾಯಿಯೂ ಹೋಗಿದ್ದರು. ತಾಯಿಯನ್ನು ಅಥೆನ್ಸ್ ಬಳಿಯ ರಾಜಕುಟುಂಬದ ಎಸ್ಟೇಟು ತಟೋಯಿಯಲ್ಲಿ ಮಣ್ಣು ಮಾಡಲು ಗ್ರೀಕ್ ಸರ್ಕಾರ ಕುಟುಂಬಕ್ಕೆ ಕೊಟ್ಟದ್ದು ಕೆಲವೇ ಗಂಟೆಗಳ ಅವಕಾಶ. ಆಮೇಲೆ ಅಕ್ಕನ ಮನೆಯೇ ಮನೆ. ಅಕ್ಕ ಆಗ ಸ್ಪೇನಿನ ರಾಣಿ, ಮನೆ ಮ್ಯಾಡ್ರಿಡ್‌ನ ಜಾರ್ಜುವೇಲಾ ಅರಮನೆ ಎನ್ನುವುದು ಬೇರೆ ಮಾತು. ಐರೀನ್ ಮದುವೆಯಾಗಲಿಲ್ಲ. ಅಕ್ಕನ ಮಕ್ಕಳು, ಈಗಿನ ದೊರೆ ಫೆಲಿಪೆಯೂ ಸೇರಿ, ಇಟ್ಟ ಅಡ್ಡಹೆಸರು 'ತಿಯಾ ಪೆಕು'. ನಮ್ಮಲ್ಲಾದರೆ 'ವಿಚಿತ್ರ ಚಿಕ್ಕಮ್ಮ' ಎನ್ನುತ್ತಿದ್ದರು. ಪ್ರತಿ ದೊಡ್ಡ ಕುಟುಂಬದಲ್ಲೂ ಅಂಥವರೊಬ್ಬರಿರುತ್ತಾರೆ; ಮಕ್ಕಳಿಗೆ ಅವರೇ ಹೆಚ್ಚು ಇಷ್ಟ.

ಹಣದ ವಿಷಯಕ್ಕೆ ಬರೋಣ, ನಿನ್ನ ಅನುಮಾನವಿರುವುದೇ ಅಲ್ಲಿ. 1994ರಲ್ಲಿ ಗ್ರೀಸ್ ರಾಜಕುಟುಂಬದ ಆಸ್ತಿಯನ್ನು ಕಾನೂನು ಮಾಡಿ ವಶಕ್ಕೆ ತೆಗೆದುಕೊಂಡಿತು. ತಟೋಯಿ ಎಸ್ಟೇಟು, ಪೊಲಿಡೆಂಡ್ರಿಯ ಕಾಡು, ಕೊರ್ಫು ದ್ವೀಪದ ಮೊನ್ ರೆಪೋ ಬಂಗಲೆ (ಇಂಗ್ಲೆಂಡಿನ ರಾಣಿ ಎಲಿಜಬೆತ್ ಅವರ ಪತಿ ಫಿಲಿಪ್ ಹುಟ್ಟಿದ್ದು ಅಲ್ಲೇ). ಅಣ್ಣ, ತಂಗಿ, ಅತ್ತೆ ಮೂವರೂ ಯುರೋಪಿನ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋದರು. 2000ದಲ್ಲಿ ಅವರ ಪರ ತೀರ್ಪಾಯಿತು, 2002ರಲ್ಲಿ ಪರಿಹಾರದ ಮೊತ್ತ ನಿಗದಿಯಾಯಿತು: ಅಣ್ಣನಿಗೆ 1.2 ಕೋಟಿ ಯೂರೋ, ಐರೀನ್‌ಗೆ 9 ಲಕ್ಷ, ಅತ್ತೆ ಕ್ಯಾಥರೀನ್‌ಗೆ 3 ಲಕ್ಷ. ಕೇಳಿದ್ದಕ್ಕೆ ಹೋಲಿಸಿದರೆ ಚಿಲ್ಲರೆ. ಐರೀನ್ ತಮ್ಮ ಪಾಲನ್ನು ತಮ್ಮ ಸಂಸ್ಥೆಯ ಕೆಲಸಕ್ಕೆ ಕೊಟ್ಟರು. ಆ ಆಸ್ತಿ ಮೂಲದಲ್ಲಿ ಯಾರದ್ದು, ಅರಸರಿಗೆ ಪರಿಹಾರ ಕೊಡುವುದು ನ್ಯಾಯವೇ ಎಂದು ನೀನು ವಾದ ಮಾಡಬಹುದು. ಮಾಡು, ನಾನು ನಿನ್ನ ಕಡೆಗೇ ವಾಲಬಹುದು. ಆದರೆ ಕೈಗೆ ಬಂದ ಹಣ ಕೈಯಲ್ಲಿ ಉಳಿಯಲಿಲ್ಲ ಎಂಬುದನ್ನಂತೂ ಒಪ್ಪಬೇಕು.

ಕಛೇರಿಯಲ್ಲಿ ಪಕ್ಕವಾದ್ಯದವರು ಇರುವ ಹಾಗೆ ಆಕೆ ಇದ್ದರು ಎಂದು ನನಗನಿಸುತ್ತದೆ. ಅಣ್ಣನ ಪಟ್ಟಕ್ಕೆ ಎರಡನೆಯವರು, ತಾಯಿಯ ವೇದಾಂತಕ್ಕೆ ಜೊತೆಗಾರ್ತಿ, ಅಕ್ಕನ ಅರಮನೆಯಲ್ಲಿ ನಿವಾಸಿ. ಪಕ್ಕದಲ್ಲಿ ಕೂತವರ ಕಷ್ಟ ಸುಖ ನಿನಗೆ ನಾನು ಹೇಳಬೇಕೆ? ಬೆಳಕು ನಿಮ್ಮ ಮೇಲೆ ಬೀಳುವುದಿಲ್ಲ; ಆದರೆ ಸಭೆ ಪೂರ್ತಿ ಕಾಣುವುದು ನಿಮಗೇ.

ಹಾಗಾಗಿ ನನ್ನ ಸಲಹೆ ಇಷ್ಟು. ಕರೆದವರಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳು. ಕೂಡಿದ ಹಣದಲ್ಲಿ ಹಾಲ್ ಬಾಡಿಗೆ, ಊಟ, ಹಾರ ತುರಾಯಿ ಕಳೆದು ಎಷ್ಟು ಉಳಿಯುತ್ತದೆ, ಅದು ಯಾರ ಕೈ ಸೇರುತ್ತದೆ, ಲೆಕ್ಕವನ್ನು ಕಾಗದದಲ್ಲಿ ತೋರಿಸುತ್ತಾರೆಯೇ. ಉತ್ತರ ತಡವರಿಸಿದರೆ ಬೇಡ ಎಂದುಬಿಡು, ಸಂಕೋಚ ಪಡಬೇಡ. ನೆಟ್ಟಗಿದ್ದರೆ ಹೋಗಿ ನುಡಿಸು, ಸಂಭಾವನೆ ಬೇಡವೆನ್ನು, ಭಾಷಣಕ್ಕೆ ಹತ್ತೇ ನಿಮಿಷ ಎಂಬ ಷರತ್ತು ಹಾಕು. ಬೇಗಡೆ ರಾಗದ ವರ್ಣದಿಂದ ಶುರು ಮಾಡಿದರೆ ಒಳ್ಳೆಯದು ಎಂಬುದು ನನ್ನ ಸ್ವಾರ್ಥದ ಬೇಡಿಕೆ. ದಿನಾಂಕ ತಿಳಿಸು, ಬೆಂಗಳೂರಿನಿಂದ ಬೆಳಗಿನ ರೈಲು ಹಿಡಿದು ಬರುತ್ತೇನೆ. ಎರಡು ಟಿಕೆಟ್ ತೆಗೆದಿಡು; ಪಾಸ್ ಅಲ್ಲ, ಟಿಕೆಟ್.

ಅಕ್ಕನಿಗೂ ಭಾವನಿಗೂ ನಮಸ್ಕಾರ ತಿಳಿಸು.

ನಿನ್ನ,
ಹಳೆಯ ಗೆಳೆಯ