ಫೋಟೋ ಥರ ಇದ್ದರೆ ಮುಗಿಯಿತೇ?

ಮಾನ್ಯ ಸಂಪಾದಕರೇ,

ಕಾರವಾರದ ಮಾರುತಿ ಜಾತ್ರೆಯ ರಂಗೋಲಿ ಚಿತ್ರಗಳನ್ನು ನೀವು ತಪ್ಪದೇ ಪ್ರಕಟಿಸುತ್ತೀರಿ, ಸಂತೋಷ. ಆದರೆ ಅವುಗಳ ಕೆಳಗಿನ ಅಡಿಬರಹ ಮಾತ್ರ ಬದಲಾಗುವುದೇ ಇಲ್ಲ. ಸಿನಿಮಾ ನಟನ ಮುಖವಿರಲಿ, ಸುಕ್ಕುಗಟ್ಟಿದ ಹಾಲಕ್ಕಿ ಅಜ್ಜಿಯ ಮುಖವಿರಲಿ, ‘ಫೋಟೋವನ್ನೂ ನಾಚಿಸುವಂತಿದೆ’ ಎಂದು ಬರೆದು ಮುಗಿಸುತ್ತೀರಿ. ಪಕ್ಕದಲ್ಲಿ ಎಷ್ಟು ತಾಸು ಹಿಡಿಯಿತು, ಎಷ್ಟು ಕೆಜಿ ಪುಡಿ ಖರ್ಚಾಯಿತು ಎಂಬ ಲೆಕ್ಕ ಬೇರೆ. ಮದುವೆ ಮನೆ ಅಡುಗೆಯ ವರದಿಯೂ ಇದಕ್ಕಿಂತ ರುಚಿಯಾಗಿರುತ್ತದೆ.

ನಾನು ಬೋರ್ಡ್ ಬರೆಯುವವನು. ಫ್ಲೆಕ್ಸ್ ಬರುವ ಮುಂಚೆ ಕೋಡಿಬಾಗದಿಂದ ಅಂಕೋಲೆಯವರೆಗೆ ಅಂಗಡಿ ಬೋರ್ಡು, ಬೈತಖೋಲದ ಬೋಟುಗಳ ಹೆಸರು, ಚುನಾವಣೆಯ ಕಟೌಟು, ತೀರಿಕೊಂಡವರ ಪಾಸ್‌ಪೋರ್ಟ್ ಫೋಟೋ ನೋಡಿ ಗೋಡೆಗೆ ತೂಗುಹಾಕುವ ದೊಡ್ಡ ಚಿತ್ರ, ಎಲ್ಲ ಮಾಡಿದ್ದೇನೆ. ‘ಥೇಟ್ ಫೋಟೋ’ ಅಂತ ಹೇಳಿಸಿಕೊಂಡೇ ಹೊಟ್ಟೆ ಹೊರೆದವನು. ಹಾಗಾಗಿ ಆ ಮಾತಿನ ಬೆಲೆ ನನಗೆ ಗೊತ್ತು: ಚದರಡಿಗೆ ಇಷ್ಟು ಎಂದು ಕಟೌಟಿಗೆ ಕೊಡುತ್ತಿದ್ದರಲ್ಲ, ಅಷ್ಟೇ.

ಈ ಕಾಗದ ಬರೆಯಲು ಕಾರಣ ಅಮೆರಿಕದ ಚಕ್ ಕ್ಲೋಸ್ ಎಂಬ ಚಿತ್ರಕಾರ. ಬೆಂಗಳೂರಿನಲ್ಲಿ ಚಿತ್ರಕಲೆ ಓದುತ್ತಿರುವ ನನ್ನ ಅಣ್ಣನ ಮಗಳು ಅವನ ಚಿತ್ರಗಳನ್ನು ಫೋನಿಗೆ ಕಳಿಸುತ್ತಾಳೆ, ನಾನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತೇನೆ. ಹುಟ್ಟಿದ್ದು 1940ರಲ್ಲಿ, ವಾಷಿಂಗ್ಟನ್ ರಾಜ್ಯದ ಮನ್ರೋ ಎಂಬ ಊರಿನಲ್ಲಿ. ಯೇಲ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಡಿ ಕೂನಿಂಗ್ ಎಂಬ ಹಿರಿಯ ಚಿತ್ರಕಾರನ ಗುಂಗಿನಲ್ಲಿ ಅಮೂರ್ತ ಚಿತ್ರ ಬಿಡಿಸುತ್ತಿದ್ದವನು. ಕೈ ತಾನಾಗಿಯೇ ಓಡುವ ಆ ಚಟ ಬಿಡಿಸಿಕೊಳ್ಳಬೇಕೆಂದು ಬ್ರಷ್ ಬದಿಗಿಟ್ಟು ಕ್ಯಾಮೆರಾದ ಮೊರೆ ಹೋದ.

1967ರಲ್ಲಿ ಶುರುಮಾಡಿ 1968ರಲ್ಲಿ ಮುಗಿಸಿದ ಅವನ ಕಪ್ಪು–ಬಿಳುಪಿನ ಸ್ವಂತ ಮುಖ ಸುಮಾರು 9 ಅಡಿ ಎತ್ತರ, 7 ಅಡಿ ಅಗಲ. ಬಾಯಲ್ಲಿ ಸಿಗರೇಟು, ಕೆದರಿದ ತಲೆ, ಮೂಗಿನ ಮೇಲೆ ದಪ್ಪ ಚೌಕಟ್ಟಿನ ಕನ್ನಡಕ. ಫೋಟೋ ಮೇಲೆ ಚೌಕ ಹಾಕಿ, ಅದೇ ಚೌಕಗಳನ್ನು ಕ್ಯಾನ್ವಾಸಿನಲ್ಲಿ ದೊಡ್ಡದು ಮಾಡಿ, ಒಂದೊಂದನ್ನೇ ತುಂಬಿದ್ದು. ಇದನ್ನು ಓದಿದಾಗ ನನಗೆ ನಗು ಬಂತು. ನಾವು ದಾರಕ್ಕೆ ಸೀಮೆಸುಣ್ಣ ತಿಕ್ಕಿ, ಚಿಮ್ಮಿಸಿ, ಗೆರೆ ಎಳೆದು ಮಂತ್ರಿಗಳ ಮುಖ ಬಿಡಿಸುತ್ತಿದ್ದದ್ದೂ ಹಾಗೇ. ಮಾರುತಿಗಲ್ಲಿಯ ಹುಡುಗಿಯರಲ್ಲೂ ಹಲವರು ಮಾಡುವುದು ಹಾಗೇ. ಅವನ ಹತ್ತಿರ ಏರ್‌ಬ್ರಷ್ ಇತ್ತು, ಅಂದರೆ ನಮ್ಮ ಗ್ಯಾರೇಜಿನ ಸ್ಪ್ರೇ ಗನ್ನಿನ ಸಣ್ಣ ತಂಗಿ. ಕಪ್ಪು ಬಣ್ಣವನ್ನು ತೆಳ್ಳಗೆ ಊದಿ, ಬೇಕಾದಲ್ಲಿ ಬ್ಲೇಡಿನಿಂದ ಕೆರೆದು ಬೆಳಕು ತೆಗೆದಿದ್ದಾನೆ. ಬಿಳಿ ಬಣ್ಣ ಹಚ್ಚಿಲ್ಲ, ಬಿಳಿಯೆಲ್ಲ ಕ್ಯಾನ್ವಾಸಿನ ಅಸ್ತರಿನದು.

ಇಲ್ಲಿಯವರೆಗೆ ಅವನಿಗೂ ನಮಗೂ ಸಾಮಾನು ಬಿಟ್ಟರೆ ವ್ಯತ್ಯಾಸವಿಲ್ಲ. ವ್ಯತ್ಯಾಸ ಕಿವಿಯಲ್ಲಿದೆ. ಹತ್ತಿರದಿಂದ ಮುಖ ಹೊಡೆದ ಫೋಟೋದಲ್ಲಿ ಕಣ್ಣು ಚೂಪಾಗಿ ಬಂದರೆ ಕಿವಿ, ಭುಜ ಮಸುಕಾಗುತ್ತವೆ, ಲೆನ್ಸಿನ ಗುಣ ಅದು. ನಾನಾಗಿದ್ದರೆ ಗಿರಾಕಿಗೆ ಬೇಸರವಾಗದಿರಲಿ ಎಂದು ಕಿವಿಯನ್ನೂ ತಿದ್ದಿ ತೀಡಿ ಕೊಡುತ್ತಿದ್ದೆ. ಅವನು ಮಸುಕನ್ನು ಮಸುಕಾಗಿಯೇ, ರೆಪ್ಪೆಗೆ ಕೊಟ್ಟಷ್ಟೇ ಶ್ರದ್ಧೆಯಿಂದ ಬಿಡಿಸಿದ. ಮನುಷ್ಯನ ಕಣ್ಣು ಕಂಡದ್ದು ಬೇರೆ, ಕ್ಯಾಮೆರಾ ಕಂಡದ್ದು ಬೇರೆ ಎನ್ನುವುದು ಆ ಚಿತ್ರದ ಎದುರು ನಿಂತವರಿಗೆ ತಿಳಿಯಬೇಕು. ಹೈಪರ್‌ರಿಯಲಿಸ್ಟ್, ಫೋಟೋರಿಯಲಿಸ್ಟ್, ಅಂದರೆ ಥೇಟ್ ಫೋಟೋದಂತೆ ಬಿಡಿಸುವವನು ಎಂದು ಅವನಿಗೆ ಹಣೆಪಟ್ಟಿ ಹಚ್ಚಿದರು. ಅವನಿಗೆ ಅದು ಹಿಡಿಸಲೇ ಇಲ್ಲ.

1970ರಿಂದ ಬಣ್ಣಕ್ಕೆ ಇಳಿದ. ಅದೂ ಮೂರೇ ಬಣ್ಣ: ನೀಲಿ, ಕೆಂಪು, ಹಳದಿ, ಒಂದರ ಮೇಲೊಂದು ತೆಳು ಪದರ. ಇದು ನಿಮ್ಮ ಮುದ್ರಣಾಲಯದ ವಿದ್ಯೆಯೇ ಸ್ವಾಮಿ. ನಿಮ್ಮದೇ ಪತ್ರಿಕೆಯ ಬಣ್ಣದ ಪುಟವನ್ನು ಭೂತಗನ್ನಡಿಯಲ್ಲಿ ನೋಡಿ, ಅವೇ ಚುಕ್ಕಿಗಳು, ಜೊತೆಗೆ ಕಪ್ಪು. (ಒಂದೊಂದು ದಿನ ಪದರ ಜಾರಿ ಮುಖ್ಯಮಂತ್ರಿಗಳಿಗೆ ಎರಡು ತುಟಿ ಬಂದಿರುತ್ತದೆ. ಇರಲಿ.) ಯಂತ್ರ ಕ್ಷಣದಲ್ಲಿ ಒತ್ತುವುದನ್ನು ಅವನು ಕೈಯಲ್ಲಿ ಮಾಡಿದ. ಒಂದು ಮುಖಕ್ಕೆ ವರ್ಷಕ್ಕೂ ಹೆಚ್ಚು ಹಿಡಿದದ್ದುಂಟು.

ನಮ್ಮಲ್ಲಿ ಇಷ್ಟು ಸಾಧಿಸಿದವನಿಗೆ ಶಾಲು ಹೊದಿಸಿ, ಮುಂದಿನ ಮೂವತ್ತು ವರ್ಷ ಅದನ್ನೇ ಮಾಡು ಎಂದು ಕೂರಿಸುತ್ತೇವೆ. ಅವನು ಕೂರಲಿಲ್ಲ. ಸಂಗೀತಗಾರ ಫಿಲಿಪ್ ಗ್ಲಾಸ್‌ನ ಫೋಟೋ ಒಂದಿದೆ, 1969ರಲ್ಲಿ ದೊಡ್ಡ ಚಿತ್ರವಾದದ್ದು. ಅದೇ ಫೋಟೋವನ್ನು ಮತ್ತೆ ಮತ್ತೆ ಎಳೆದು ತಂದು ಚುಕ್ಕಿಯಲ್ಲಿ ಬಿಡಿಸಿದ, ಬೆರಳಚ್ಚಿನಲ್ಲಿ ಬಿಡಿಸಿದ, ಕಾಗದದ ತಿರುಳಿನಲ್ಲೂ ಮಾಡಿದ. ಮುಖ ಅದೇ, ಕೈಯ ದಾರಿ ಬೇರೆ. ಶಾಸ್ತ್ರೀಯ ಸಂಗೀತ ಕೇಳುವ ಶಿರಸಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 1985ರ ‘ಫ್ಯಾನಿ’. ಅವನ ಹೆಂಡತಿಯ ಅಜ್ಜಿ. ಹಿಟ್ಲರನ ಕಾಲದ ನರಮೇಧದಲ್ಲಿ ದೊಡ್ಡ ಕುಟುಂಬವೊಂದು ಅಳಿದು, ಉಳಿದವಳು ಈಕೆ ಒಬ್ಬಳೇ. ಎಂಟೂವರೆ ಅಡಿ ಎತ್ತರದ ಆ ಮುಖವನ್ನು ಬ್ರಷ್ ಇಲ್ಲದೆ, ಬೆರಳ ತುದಿಗೆ ಶಾಯಿ ಹಚ್ಚಿ ಒತ್ತಿ ಒತ್ತಿ ತುಂಬಿದ್ದಾನೆ. ಜೋರಾಗಿ ಒತ್ತಿದಲ್ಲಿ ಕಪ್ಪು, ಹಗುರ ಮುಟ್ಟಿದಲ್ಲಿ ಬೂದಿ. ಹಿಗ್ಗಿಸಿ ನೋಡಿದರೆ ಸೊಸೈಟಿ ಸಾಲದ ಕಾಗದದ ಮೇಲೆ ನಮ್ಮಜ್ಜ ಒತ್ತುತ್ತಿದ್ದ ಹೆಬ್ಬೆಟ್ಟಿನ ಹಾಗೆ ಗೆರೆಗೆರೆ. ಕುಗ್ಗಿಸಿದರೆ ಮುದುಕಿಯ ಕುತ್ತಿಗೆಯ ಸಡಿಲ ಚರ್ಮ, ಒದ್ದೆ ಕಣ್ಣು. ಆ ಮುಖದ ಮೇಲೆ ಅವನ ಬೆರಳು ಮುಟ್ಟದ ಜಾಗವೇ ಇಲ್ಲವೇನೋ. ಏರ್‌ಬ್ರಷ್ಷಿನ ಕಾಲದಲ್ಲಿ ಕ್ಯಾನ್ವಾಸಿಗೆ ಕೈಯೇ ತಾಗಿಸದೆ ಕೆಲಸ ಮಾಡಿದವನು ಇವನು! ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆಯಂತೆ. ಅಲ್ಲಿಗೆ ಹೋಗುವ ಯೋಗ ನನಗಿಲ್ಲ, ಫೋನೇ ಗತಿ.

1988ರ ಡಿಸೆಂಬರ್ 7ರಂದು ಬೆನ್ನುಹುರಿಯ ರಕ್ತನಾಳದ ತೊಂದರೆಯಿಂದ ಕುತ್ತಿಗೆಯ ಕೆಳಗೆ ಮೈ ಸ್ವಾಧೀನ ತಪ್ಪಿತು. ತಿಂಗಳುಗಟ್ಟಲೆ ಆರೈಕೆಯ ನಂತರ ಕೈಗೆ ಬ್ರಷ್ ಕಟ್ಟಿಸಿಕೊಂಡು, ಗಾಲಿಕುರ್ಚಿಯಲ್ಲಿ ಕೂತು ಮತ್ತೆ ಬಿಡಿಸತೊಡಗಿದ. ಆಮೇಲಿನ ಚಿತ್ರಗಳಲ್ಲಿ ಪ್ರತಿ ಚೌಕವೂ ಬಣ್ಣಬಣ್ಣದ ಉಂಗುರ, ಸುರುಳಿ. ಹತ್ತಿರ ಹೋದರೆ ಮುಖವೇ ಇಲ್ಲ, ಹಿಂದೆ ಸರಿದರೆ ಮುಖ. ‘ಕಾಯಿಲೆ ಬಂದು ಶೈಲಿ ಬದಲಾಯಿತು’ ಎಂಬ ಕಥೆ ಕೇಳಲು ಚೆಂದ, ವಾಟ್ಸ್ಯಾಪಿನಲ್ಲಿ ಓಡಾಡಲು ಅನುಕೂಲ. ಆದರೆ 1986–87ರ ‘ಲ್ಯೂಕಾಸ್’ ಚಿತ್ರ ನೋಡಿ. ಚೌಕಗಳು ಆಗಲೇ ಸಡಿಲಗೊಂಡು ಬಣ್ಣ ಕುಣಿಯತೊಡಗಿದೆ. ಕೈ ಸೋಲುವ ಮೊದಲೇ ಮನಸ್ಸು ಆ ದಾರಿ ಹಿಡಿದಿತ್ತು. ಅವನ ಛಲವನ್ನು ಮೆಚ್ಚುವ ಭರದಲ್ಲಿ ಅವನ ವಿಚಾರದ ಶ್ರೇಯಸ್ಸನ್ನು ಪಾರ್ಶ್ವವಾಯುವಿಗೆ ಕೊಡುವುದು ಅನ್ಯಾಯ.

ಇನ್ನೊಂದು ವಿಚಿತ್ರ: ಅವನಿಗೆ ಜನರ ಮುಖದ ಗುರುತು ಹತ್ತುತ್ತಿರಲಿಲ್ಲ. ಹುಟ್ಟಿನಿಂದ ಬಂದ ಕೊರತೆ. ಎದುರಿಗಿದ್ದವರ ಮುಖ ಮರೆತುಹೋಗುತ್ತಿತ್ತು, ಚಪ್ಪಟೆ ಫೋಟೋ ಮಾಡಿಕೊಂಡರೆ ನೆನಪಿನಲ್ಲಿ ನಿಲ್ಲುತ್ತಿತ್ತು. ಫೋಟೋ ಅವನಿಗೆ ಯಾಕೆ ಬೇಕಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಡ.

ಎಲ್ಲವೂ ಹೊಗಳಿಕೆಯಲ್ಲ. 2017ರಲ್ಲಿ ಹಲವು ಹೆಂಗಸರು ಅವನ ಅಸಭ್ಯ ವರ್ತನೆಯ ಬಗ್ಗೆ ದೂರಿದರು. ಅವನು ಕ್ಷಮೆ ಕೇಳಿದ. ಅದೇ ನ್ಯಾಷನಲ್ ಗ್ಯಾಲರಿ 2018ಕ್ಕೆ ಗೊತ್ತುಮಾಡಿದ್ದ ಅವನ ಪ್ರದರ್ಶನವನ್ನು ಅನಿರ್ದಿಷ್ಟ ಕಾಲಕ್ಕೆ ಮುಂದೂಡಿತು. ಅಣ್ಣನ ಮಗಳು ಆ ಸುದ್ದಿಯನ್ನೂ ಚಿತ್ರಗಳ ಜೊತೆಗೇ ಕಳಿಸಿದ್ದಳು, ಒಳ್ಳೆಯದೇ ಮಾಡಿದಳು. 2021ರ ಆಗಸ್ಟ್‌ನಲ್ಲಿ ತೀರಿಕೊಂಡ.

ನಿಮ್ಮ ವರದಿಗಾರರಲ್ಲಿ ನನ್ನ ಕೇಳಿಕೆ ಇಷ್ಟೇ. ರಂಗೋಲಿಯ ಇಡೀ ಫೋಟೋ ಹಾಕಿ, ಜೊತೆಗೆ ಅಂಗೈಯಗಲದ ಒಂದು ತುಣುಕನ್ನು ಪುಡಿಯ ಕಾಳು ಕಾಣುವಷ್ಟು ಹತ್ತಿರದಿಂದಲೂ ತೆಗೆದು ಹಾಕಿ. ಕಣ್ಣಿನಿಂದ ಶುರುಮಾಡಿದಿರೋ ಮೂಗಿನಿಂದಲೋ, ಎಲ್ಲಿ ಫೋಟೋವನ್ನು ಮೀರಿದಿರಿ, ಯಾಕೆ ಎಂದು ಬಿಡಿಸಿದವರನ್ನು ಕೇಳಿ. ಬಹುಮಾನ ಕೊಡುವವರೂ ಮೊಬೈಲಿನ ಫೋಟೋವನ್ನು ಪಕ್ಕಕ್ಕೆ ಹಿಡಿದು ತಾಳೆ ನೋಡುವುದನ್ನು ಬಿಡಲಿ. ಅದು ಸಬ್‌ರಿಜಿಸ್ಟ್ರಾರ್ ಕಚೇರಿಯ ಕೆಲಸ.

ಹಿಂದಿನ ಜಾತ್ರೆಯಲ್ಲಿ ಒಬ್ಬ ಹುಡುಗಿ ಮೀನು ಮಾರುವ ಹೆಂಗಸಿನ ಮುಖ ಬಿಡಿಸಿದ್ದಳು. ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯಲ್ಲಿ ಪುಡಿ ಚದುರಿ ಚದುರಿ, ನಡುವೆ ನೆಲವೇ ಕಾಣುತ್ತಿತ್ತು. ಆ ಕಡೆಯಿಂದ ಬಿಸಿಲು ಬಡಿದ ಹಾಗಿತ್ತು. ಬಹುಮಾನ ಬರಲಿಲ್ಲ. ಹೀಗೆ ಬಿಡುವ ಧೈರ್ಯ ಹೇಗೆ ಬಂತು ಎಂದು ಕೇಳಿದೆ. ‘ಆ ಬಣ್ಣದ ಪುಡಿ ಖಾಲಿಯಾಗಿತ್ತು ಅಂಕಲ್’ ಎಂದಳು. ಆಗಿರಲಿ. ಬಹುಮಾನ ಬಂದ ಮುಖಗಳಿಗಿಂತ ಆ ಕೆನ್ನೆಯೇ ಚೆನ್ನಾಗಿತ್ತು ಎಂದು ಈಗಲೂ ಹೇಳುತ್ತೇನೆ.

– ಒಬ್ಬ ಬೋರ್ಡ್ ಪೇಂಟರ್, ಕೋಡಿಬಾಗ, ಕಾರವಾರ